ದಡದ ಮೇಸ್ತ್ರಿ

ಸುರೇಶ ಫೋನಿನಲ್ಲಿ ಹೇಳಿದ್ದು ಇಷ್ಟೇ: "ದಡದ ಮೇಸ್ತ್ರಿ ಹೋದ್ರು. ಮೂಡಿಗೆರೇಲಿ, ಮಗಳ ಮನೇಲಿ. ನಾಳೆ ಬೆಳಿಗ್ಗೆ ಜೀಪು ತರ್ತೀನಿ, ರೆಡಿ ಇರಿ."

ಆಯಿತು ಎಂದೆ. ಫೋನಿಟ್ಟ ಮೇಲೂ ಆ ಹೆಸರು ಕಿವಿಯಲ್ಲೇ ಉಳಿಯಿತು. ಸುರೇಶ ಅದನ್ನು ದೊಡ್ಡವರ ಹೆಸರು ಹೇಳುವ ಹಾಗೆ ಹೇಳಿದ್ದ. ಈಗ ಎಸ್ಟೇಟಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ಆದರೆ ಆ ಹೆಸರು ಹುಟ್ಟಿದ್ದು ಹೀಯಾಳಿಕೆಯಾಗಿ. ಹುಟ್ಟಿಸಿದವನು ನಾನು.

ಅವರನ್ನು ನೆನೆಯಲು ಕೂತರೆ ನನಗೆ ಮೊದಲು ಕಾಣುವುದು ಮುಖವಲ್ಲ, ಒಂದು ತೋಳು. ತೊಂಬತ್ತರ ದಶಕದಲ್ಲಿ ನಾನು ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಅವರು ಪಲ್ಪರ್ ಮನೆಯ, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಮನೆಯ, ಮೇಸ್ತ್ರಿ. ಸಿಪ್ಪೆ ಸುಲಿದ ಬೀಜವನ್ನು ತೊಟ್ಟಿಯಲ್ಲಿ ರಾಶಿ ಹಾಕಿ, ಮೇಲಿನ ಅಂಟು ಬಿಡುವವರೆಗೆ ಕಾಯಬೇಕು. ಬಿಟ್ಟಿತೋ ಇಲ್ಲವೋ ತಿಳಿಯಲು ಅವರು ಮೊಣಕೈವರೆಗೆ ತೋಳನ್ನು ರಾಶಿಯೊಳಗೆ ಇಳಿಸಿ ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ತೋಳು ಬಿಟ್ಟ ತೂತು ಕುಸಿದರೆ ಇನ್ನೂ ಆಗಿಲ್ಲ. ಹಾಗೇ ನಿಂತರೆ ತೊಳೆಯಬಹುದು. ಆ ಕತ್ತಲೆಯ ತೂತನ್ನು ಅವರು ಬಗ್ಗಿ ನೋಡುತ್ತ ನಿಲ್ಲುತ್ತಿದ್ದರು, ಒಳಗೆ ಯಾರೋ ಕರೆದಂತೆ. ಆಮೇಲೆ ಪಕ್ಕದಲ್ಲಿದ್ದವರಿಗೆ, "ನೋಡಿ ಆಯ್ತಾ? ಇನ್ನೊಮ್ಮೆ ನೋಡಿ."

ಈ ಮಾತು ಅವರಿಗೆ ಅಭ್ಯಾಸ. ಏಣಿ ಹತ್ತುವವರಿಗೆ, ಲಾರಿ ಹಿಂದಕ್ಕೆ ತೆಗೆಯುವವರಿಗೆ, ಒಮ್ಮೆ ಹೆಣ್ಣು ನೋಡಿ ಬಂದ ನನಗೂ ಅದನ್ನೇ ಕೇಳಿದ್ದರು. "ಇನ್ನೊಮ್ಮೆ ನೋಡೋದಕ್ಕೆ ಅವರ ಮನೇಲಿ ಬಿಡಲ್ಲ ಮೇಸ್ತ್ರಿ" ಎಂದಿದ್ದೆ.

ಅವರು ಕರಾವಳಿಯವರು, ಮೀನು ಹಿಡಿಯುವವರ ಮನೆಯವರು. ಘಟ್ಟ ಹತ್ತಿ ಕಾಫಿಗೆ ಬಂದದ್ದು ಏಕೆ ಎಂಬುದಕ್ಕೆ ಮೂರು ಉತ್ತರಗಳಿದ್ದವು. ಕಾಫಿ ಕೀಳುವ ಹೆಂಗಸರಿಗೆ ಮುಂದಾಳಾಗಿದ್ದ ಗಿರಿಜಕ್ಕನಿಗೆ, ಹೆಂಡತಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲ ಎಂದಿದ್ದರು. ಮ್ಯಾನೇಜರಿಗೆ, ದೋಣಿ ಒಡೆದುಹೋಯಿತು ಎಂದು. ನನಗೆ, "ಸಮುದ್ರ ನೋಡಿ ನೋಡಿ ಸಾಕಾಯ್ತು ರೈಟ್ರೇ." ಮೂರೂ ನಿಜವಿರಬಹುದು. ನಾನು ಯಾವುದನ್ನೂ ಆರಿಸಿಕೊಂಡಿಲ್ಲ.

ನಾನು ಭದ್ರಾ ಹೊಳೆಯಲ್ಲಿ ಈಜು ಕಲಿತವನು. ಹೊಳೆ ಕಲಿಸುವ ಪಾಠ ಒಂದೇ: ಸದ್ದು ಮಾಡುತ್ತ ಬೆಳ್ಳಗೆ ಒಡೆಯುವ ನೀರಿನ ಕೆಳಗೆ ಕಲ್ಲಿರುತ್ತದೆ, ಅಲ್ಲಿ ಇಳಿಯಬಾರದು. ಸದ್ದಿಲ್ಲದೆ ಕಪ್ಪಗೆ ನಿಂತ ಕಡೆ ಸ್ನಾನ ಮಾಡಬಹುದು. ನಮ್ಮ ಕಡೆಯ ಮಕ್ಕಳಿಗೆ ನಡೆಯಲು ಬರುವ ಮೊದಲೇ ಇದು ಗೊತ್ತಿರುತ್ತದೆ. ಈ ಪಾಠ ಘಟ್ಟದ ಕೆಳಗೆ ತಲೆಕೆಳಗಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಇಲ್ಲ, ಹೇಳಿದ್ದರು. ಮೇಸ್ತ್ರಿಯೇ ಹೇಳಿದ್ದರು.

ನಮ್ಮ ಎಸ್ಟೇಟಿನಲ್ಲಿ ಕೊಯ್ಲು ಮುಗಿದ ಮೇಲೆ ಆಳುಗಳನ್ನೆಲ್ಲ ಲಾರಿಯಲ್ಲಿ ಕೂರಿಸಿ ಸಮುದ್ರ ತೋರಿಸಿಕೊಂಡು ಬರುವ ಪದ್ಧತಿ ಇತ್ತು. ಬೆಳಿಗ್ಗೆ ಹೊರಟರೆ ಚಾರ್ಮಾಡಿ ಇಳಿದು, ಧರ್ಮಸ್ಥಳದಲ್ಲಿ ಊಟ, ಮಧ್ಯಾಹ್ನ ಕಡಲು, ಮತ್ತೆ ವಾಪಸ್ಸು. ನಾನು ಸೇರಿದ ವರ್ಷ, ಕೊನೆಯ ಬ್ಯಾಚು ತೊಳೆಯುವ ದಿನ, ಸಮುದ್ರದಲ್ಲಿ ಎಷ್ಟು ದೂರ ಈಜಬಲ್ಲೆ ಎಂದು ಪಲ್ಪರ್ ಮನೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮೇಸ್ತ್ರಿ ಕೇಳಿಸಿಕೊಂಡು ನನ್ನನ್ನು ತೊಳೆಯುವ ತೊಟ್ಟಿಯ ಹತ್ತಿರ ಕರೆದರು.

ತೊಟ್ಟಿಯ ಒಂದು ಬದಿ ಇಳಿಜಾರು. "ಇದು ದಡ" ಎಂದರು. ಅದಕ್ಕೆ ಎದುರಾಗಿ, ಒಂದು ಮೊಳ ಆಚೆಗೆ, ತೊಳೆದ ಬೀಜವನ್ನು ಗೋಡೆಯ ಹಾಗೆ ಉದ್ದಕ್ಕೆ ಒಟ್ಟಿದರು. "ಇದು ನೀರಡಿಯ ಮರಳಿನ ದಿಬ್ಬ. ದಡದಿಂದ ಸ್ವಲ್ಪ ಆಚೆ ಇರ್ತದೆ, ಕಾಣೋದಿಲ್ಲ." ಆಮೇಲೆ ಗೋಡೆಯ ನಡುವೆ ಬೆರಳಿನಿಂದ ಒಂದು ಗಂಡಿ ಮಾಡಿದರು. ಮಗ್ಗಿನಿಂದ ನೀರು ತೆಗೆದು ದಿಬ್ಬದ ಮೇಲಿಂದ ದಡದ ಕಡೆಗೆ ಎರಚಿದರು, ಮತ್ತೆ ಎರಚಿದರು. ಅಲೆ ಬಂದ ಹಾಗೆ ನೀರು ಬಂತು. ದಡ ಮುಟ್ಟಿತು. ಆಮೇಲೆ ಹೋಗಲು ದಾರಿ ಹುಡುಕಿ, ಎರಡು ಬದಿಯಿಂದಲೂ ಹರಿದು, ಆ ಒಂದೇ ಗಂಡಿಯಿಂದ ಸರ್ರನೆ ಹೊರಗೆ ಓಡಿತು.

"ಬಂದ ನೀರು ಹೋಗ್ಲೇಬೇಕಲ್ಲ ಮಾರಾಯ್ರೆ" ಎಂದರು. "ಹೋಗೋ ಜಾಗ ಇದು. ಇಲ್ಲಿ ಅಲೆ ಒಡೆಯೋದಿಲ್ಲ, ನೊರೆ ಇರೋದಿಲ್ಲ. ನೋಡೋದಕ್ಕೆ ಭಾರಿ ಪಾಪದ ನೀರು, ಯಾರಿಗೂ ಎಂತ ಮಾಡದ ಹಾಗೆ."

ಒಂದು ಜೊಳ್ಳು ಕಾಫಿಹಣ್ಣು ಆರಿಸಿ ಗಂಡಿಯ ಎದುರು, ದಡದ ಹತ್ತಿರ ತೇಲಿಬಿಟ್ಟರು. "ಈಗ ಇದು ನೀವು."

ಹಣ್ಣು ಗಂಡಿಯ ಮೂಲಕ ಜಾರಿ ಹೊರಗೆ ಹೋಯಿತು. ದಿಬ್ಬ ದಾಟಿದ ಮೇಲೆ ಅದರ ಅವಸರ ನಿಂತಿತು. ಸುಮ್ಮನೆ ತೂಗುತ್ತ ನಿಂತಿತು.

"ನೋಡಿ ಆಯ್ತಾ? ಅಡಿಗೆ ಎಳೀಲಿಲ್ಲ. ಹೊರಗೆ ಒಯ್ತು, ಬಿಟ್ಟುಹಾಕ್ತು. ಎದುರಿಗೆ ದಡ ಕಾಣ್ತದೆ ಅಂತ ಎದುರಿಗೇ ಈಜಿದವ ಸುಸ್ತಾಗಿ ಸಾಯೋದು. ತೇಲ್ಬೇಕು, ಉಸಿರು ತಗೊಳ್ಬೇಕು, ಅಡ್ಡ ಹೋಗ್ಬೇಕು. ಅಡ್ಡ ಹೋಗಿ, ಅಲೆ ಒಡೆಯೋ ಕಡೆಗೆ." ಕಿರುಬೆರಳಿನಿಂದ ಹಣ್ಣನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು ಮಗ್ಗು ನೀರು ಎರಚಿದರು. ಹಣ್ಣು ದಿಬ್ಬ ಹಾರಿ ದಡಕ್ಕೆ ಬಂದು ಕೂತಿತು.

"ತೊಟ್ಟಿಗೂ ಸಮುದ್ರಕ್ಕೂ ವ್ಯತ್ಯಾಸ ಇಲ್ವಾ ಮೇಸ್ತ್ರಿ?" ಎಂದು ನಕ್ಕೆ.

"ಉಂಟು. ಇಲ್ಲಿ ಗಂಡಿ ಎಲ್ಲಿ ಉಂಟು ಅಂತ ನಂಗೆ ಗೊತ್ತು. ಸಮುದ್ರದ್ದು ಜಾಗ ಬದಲಾಯಿಸ್ತಾ ಇರ್ತದೆ. ಅದಕ್ಕೇ ಇಳಿಯೋ ಮೊದಲು ನೋಡ್ಬೇಕು."

ಗಿರಿಜಕ್ಕ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತು, "ಮೇಸ್ತ್ರಿ, ಮೊದ್ಲು ಕಾಫಿ ತೊಳೀರಿ. ರೈಟರನ್ನ ಆಮೇಲೆ ತೊಳೀಬಹುದು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಠ ಅಲ್ಲಿಗೆ ಮುಗಿಯಿತು.

ಲಾರಿ ಹೊರಟ ದಿನ ಕಾಫಿ ಹೂ ಬಿಟ್ಟಿತ್ತೇ? ನನ್ನ ನೆನಪಿನಲ್ಲಿ ಬಿಟ್ಟಿದೆ. ರಸ್ತೆಯ ಎರಡು ಬದಿಯೂ ಬಿಳಿ, ಆ ವಾಸನೆಯಲ್ಲಿ ಲಾರಿ ತೇಲಿಕೊಂಡೇ ಘಟ್ಟ ಇಳಿದಿದೆ. ಆದರೆ ಗಿರಿಜಕ್ಕ ಆ ವರ್ಷ ಹೂಮಳೆಯೇ ಬಂದಿರಲಿಲ್ಲ ಎನ್ನುತ್ತಾಳೆ. ಬಹುಶಃ ಆಮೇಲೆ ಕಂಡ ನೊರೆಯನ್ನು ನಾನು ತೋಟದ ಮೇಲೆ ಹರವಿಕೊಂಡಿದ್ದೇನೆ. ಎರಡು ನೀಲಿ ಕ್ಯಾನು ಇದ್ದದ್ದು ಮಾತ್ರ ನಿಜ. ಮುಚ್ಚಳ ಬಿಗಿದ ಖಾಲಿ ಕ್ಯಾನುಗಳು. ಅವುಗಳ ಕೊರಳಿಗೆ ಹಗ್ಗ ಕಟ್ಟಿ ಮೇಸ್ತ್ರಿ ಕಾಲಡಿಯಲ್ಲಿ ಇಟ್ಟುಕೊಂಡಿದ್ದರು. "ವಾಪಸ್ ಬರ್ತಾ ಸಮುದ್ರ ತುಂಬ್ಕಂಡು ಬರ್ತಾರಂತೆ" ಎಂದು ಲಾರಿಯ ಡ್ರೈವರ್ ತಮಾಷೆ ಮಾಡಿದ.

ಕಡಲ ತೀರದಲ್ಲಿ ಅವರು ಯಾರನ್ನೂ ನೀರಿಗೆ ಬಿಡಲಿಲ್ಲ. ಒಂದು ಎಲೆಯಡಿಕೆ ಅಗಿದು ಮುಗಿಯುವಷ್ಟು ಹೊತ್ತು ಸುಮ್ಮನೆ ನೋಡುತ್ತ ನಿಂತರು. ಆಮೇಲೆ ಅಲೆ ಒಡೆಯುತ್ತಿದ್ದ ಕಡೆಗೆ ಕೈ ತೋರಿ, "ಇಲ್ಲಿ. ಮೊಣಕಾಲಷ್ಟು ನೀರು, ಸಾಕು" ಎಂದರು. ಎಡಕ್ಕೆ ತಿರುಗಿ, "ಆ ಸುಮ್ಮನಿದೆಯಲ್ಲ, ಅಲ್ಲಿ ಬೇಡ. ಅಲ್ಲಿ ಯಾರೂ ಬೇಡ."

ಎಡಕ್ಕೆ ನೀರು ನಿಜಕ್ಕೂ ಸುಮ್ಮನಿತ್ತು. ಎರಡು ಬದಿಯ ಗದ್ದಲದ ನಡುವೆ ಒಂದು ಕಪ್ಪು ಓಣಿ. ಸದ್ದಿಲ್ಲ, ನೊರೆಯಿಲ್ಲ. ನನ್ನ ಕಾಲುಗಳಿಗೆ ಅದು ಭದ್ರಾ ಹೊಳೆಯ ಸ್ನಾನದ ಗುಂಡಿಯಾಗಿ ಕಂಡಿತು. ಗಿರಿಜಕ್ಕನ ತಮ್ಮ ಸುರೇಶ, ಆಗ ಇಪ್ಪತ್ತರವನು, ಅಲೆಗೆ ಹೆದರಿ ಹಿಂದೆ ಹಿಂದೆ ಓಡುತ್ತಿದ್ದ. "ಬಾರೋ ಮಾರಾಯ, ಆ ಗೌಜಿನಲ್ಲಿ ಎಂತಕ್ಕೆ ಸಾಯ್ತೀಯ" ಎಂದು ಅವನ ಕೈ ಹಿಡಿದು ಕರೆದುಕೊಂಡು ಹೋದೆ. ಇದನ್ನು ನಾನು ಬದಲಾಯಿಸಿ ಬರೆಯಲು ಸಾಧ್ಯವಿಲ್ಲ. ಅವನ ಕೈ ಹಿಡಿದಿದ್ದೆ.

ಸೊಂಟದಷ್ಟು ನೀರು ಬಂದಾಗ ಕಾಲಡಿಯ ಮರಳು ಜರುಗಿತು. ಯಾರೂ ಎಳೆಯಲಿಲ್ಲ, ನೂಕಲಿಲ್ಲ. ನಾವು ನಿಂತಲ್ಲೇ ಇದ್ದೇವೆ, ದಡವೇ ಲಾರಿ ಹೊರಟ ಹಾಗೆ ಮೆಲ್ಲಗೆ ಹೊರಟುಹೋಗುತ್ತಿದೆ ಅನ್ನಿಸಿತು. ಹೆಂಗಸರ ಸೀರೆಗಳ ಬಣ್ಣ ಚಿಕ್ಕದಾಯಿತು. ಅವರ ನಗು ಎಲ್ಲೋ ಕನಸಿನಲ್ಲಿ ಕೇಳಿದಂತೆ ಕೇಳಿ ನಿಂತಿತು. ದಡದ ಕಡೆಗೆ ಈಜಿದೆ. ಇಪ್ಪತ್ತು ಕೈ ಬೀಸಿದರೂ ಒಂದು ಮೊಳ ಹತ್ತಿರವಾಗಲಿಲ್ಲ. ಸುರೇಶ ನನ್ನ ಹೆಗಲು ಹಿಡಿದ. ನಾನು ಮುಳುಗಿದೆ. ಅವನ ಬೆರಳುಗಳನ್ನು ಬಿಡಿಸಿದೆ. ಇದನ್ನೂ ಬದಲಾಯಿಸಲಾರೆ.

ಆಗ ಮೇಸ್ತ್ರಿ ಕಂಡರು. ಓಡಿ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಎರಡು ಕ್ಯಾನುಗಳನ್ನೂ ಅದೇ ಕಪ್ಪು ಓಣಿಯ ಬಾಯಲ್ಲಿ ಇಟ್ಟು ಪಾದದಿಂದ ನೂಕಿದರು. ಆಮೇಲೆ ನಮಗೆ ಪಕ್ಕೆ ತಿರುಗಿಸಿ, ಒಂದು ತೋಳನ್ನು ನೇರ ಬಲಕ್ಕೆ, ಅಲೆ ಒಡೆಯುತ್ತಿದ್ದ ಕಡೆಗೆ ಚಾಚಿ, ದಡದ ಉದ್ದಕ್ಕೂ ನಡೆಯತೊಡಗಿದರು. ಯಾರಿಗೋ ಬಸ್‌ಸ್ಟ್ಯಾಂಡಿನ ದಾರಿ ತೋರಿಸುವವರ ಹಾಗೆ. ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಅನ್ನಿಸಿತು. ಬಾಯಿಗೆ ಬಂದದ್ದು ಬೈದೆ, ಬಾಯಿ ತುಂಬ ಉಪ್ಪುನೀರು.

ಕ್ಯಾನುಗಳು ನಮ್ಮ ಹಿಂದೆಯೇ ಬಂದವು. ನಮ್ಮನ್ನು ಒಯ್ದ ನೀರೇ ಅವನ್ನೂ ತಂದಿತು. ಸುರೇಶ ಒಂದನ್ನು ತಬ್ಬಿದ, ಇನ್ನೊಂದು ನನಗೆ ಸಿಕ್ಕಿತು. ಉಸಿರು ಬಂತು. ಆ ಕ್ಷಣ ನನಗೆ ತೊಟ್ಟಿಯ ಜೊಳ್ಳುಹಣ್ಣು ನೆನಪಾಯಿತು ಎಂದು ಬರೆಯಲು ಆಸೆ. ಕಥೆಗೆ ಅದು ಚೆನ್ನಾಗಿ ಕೂರುತ್ತದೆ. ಆದರೆ ಏನೂ ನೆನಪಾಗಲಿಲ್ಲ. ಎದುರು ಈಜುವ ಶಕ್ತಿ ಉಳಿದಿರಲಿಲ್ಲ, ಕಣ್ಣಿಗೆ ಕಾಣುತ್ತಿದ್ದದ್ದು ಆ ತೋಳೊಂದೇ. ಅದು ಹೋದ ಕಡೆ ಕಾಲು ಬಡಿದೆ, ಸುರೇಶನಿಗೂ ಬಡಿ ಎಂದೆ. ಎಷ್ಟು ಹೊತ್ತು? ನನ್ನ ಲೆಕ್ಕದಲ್ಲಿ ಅರ್ಧ ದಿನ. ಗಿರಿಜಕ್ಕನ ಲೆಕ್ಕದಲ್ಲಿ ಅವಳು ಒಂದು ಬಾಳೆಹಣ್ಣು ಸುಲಿದು ತಿನ್ನುವಷ್ಟು ಹೊತ್ತು. ಇದ್ದಕ್ಕಿದ್ದಂತೆ ಬೆನ್ನಿಗೆ ಅಲೆಯೊಂದು ಗುದ್ದಿತು, ಇನ್ನೊಂದು ಎತ್ತಿತು, ಮೂರನೆಯದು ಇಬ್ಬರನ್ನೂ ಮರಳಿನ ಮೇಲೆ ಚೆಲ್ಲಿ ಹೋಯಿತು.

ಮೇಸ್ತ್ರಿ ಟವೆಲ್ ಚಾಚಿದರು. ಅವರ ಕೈ ನಡುಗುತ್ತಿತ್ತು. ಮುದುಕರ ಕೈ ಎಂದುಕೊಂಡೆ. ಅವರಿಗೆ ಆಗ ಐವತ್ತೂ ಆಗಿರಲಿಲ್ಲ.

"ನೀವ್ಯಾಕೆ ಬರ್ಲಿಲ್ಲ?" ಎಂದು ಕೂಗಿದೆ.

ಅವರು ಕ್ಯಾನುಗಳ ಹಗ್ಗ ಬಿಚ್ಚಿ ಮತ್ತೆ ಕಟ್ಟತೊಡಗಿದರು. ಗಂಟು ಕೂರುತ್ತಿರಲಿಲ್ಲ.

ವಾಪಸ್ಸು ಬರುವಾಗ ಲಾರಿಯ ಹಿಂದೆ ಸುರೇಶ ಅಳುತ್ತ, "ಅಣ್ಣ ಇಲ್ದಿದ್ರೆ ನಾನು ಇರ್ತಿರ್ಲಿಲ್ಲ" ಎಂದ. ಅಣ್ಣ ಎಂದರೆ ನಾನು. ನಾನು ಮೊದಲು ಸುಮ್ಮನಿದ್ದೆ. ಆಮೇಲೆ ಅಲ್ಲ ಎನ್ನಲಿಲ್ಲ. ಆಮೇಲೆ ಹೌದು ಎಂದೆ. ಘಟ್ಟ ಹತ್ತಿ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸುವ ಹೊತ್ತಿಗೆ ನಾನು ಅವನನ್ನು ಜುಟ್ಟು ಹಿಡಿದು ಅಲೆ ಸೀಳಿಕೊಂಡು ಎಳೆದು ತಂದಿದ್ದೆ.

"ಮೇಸ್ತ್ರಿ ಎಲ್ಲಿದ್ರು ಆವಾಗ?" ಎಂದು ಡ್ರೈವರ್ ಕೇಳಿದ.

"ಎಲ್ಲಿರ್ತಾರೆ? ದಡದಲ್ಲಿ. ವಾಕಿಂಗ್ ಮಾಡ್ತಾ ಇದ್ರು" ಎಂದೆ. "ನೀವೆಲ್ಲ ಪಲ್ಪರ್ ಮೇಸ್ತ್ರಿ ಅಂತೀರಿ. ಅವರು ದಡದ ಮೇಸ್ತ್ರಿ."

ನಗು ಲಾರಿಯ ಆಚೆ ಬದಿಯವರೆಗೂ ಹೋಯಿತು. ಮೇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಎರಡು ಕೈಯಲ್ಲೂ ಚಹಾದ ಲೋಟ ಹಿಡಿದು ಮಂಜು ನೋಡುತ್ತಿದ್ದರು. ಕೇಳಿಸಿತು. ಕೇಳಿಸದಿರಲು ಸಾಧ್ಯವೇ ಇರಲಿಲ್ಲ.

ಹೆಸರು ಅಂಟಿಕೊಂಡಿತು. ಆಳುಗಳ ಲೈನ್ ಮನೆಗಳ ಮಕ್ಕಳು ಅವರ ಹಿಂದೆ ಕೈ ಚಾಚಿಕೊಂಡು ಅಡ್ಡಡ್ಡ ನಡೆಯುವ ಆಟ ಕಲಿತರು. ಸುರೇಶನಂತೂ ಎದುರಿಗೇ, "ದಡದ ಮೇಸ್ತ್ರಿ, ತೊಟ್ಟೀಲಿ ನೀರು ಜಾಸ್ತಿ ಇದೆ, ಹುಷಾರು" ಎನ್ನುತ್ತಿದ್ದ. ಅವರು ಆ ಹೆಸರಿಗೂ ಓಗೊಡುತ್ತಿದ್ದರು. "ಎಂತ?" ಅಷ್ಟೇ. ಪ್ರತಿ ವರ್ಷ ಲಾರಿ ಹತ್ತುತ್ತಿದ್ದರು, ಕ್ಯಾನು ತರುತ್ತಿದ್ದರು, ಎಲೆಯಡಿಕೆ ಅಗಿದು ಮುಗಿಯುವವರೆಗೆ ಜನರನ್ನು ನಿಲ್ಲಿಸುತ್ತಿದ್ದರು. ಜನ ಹಾಸ್ಯ ಮಾಡುತ್ತಲೇ ಅವರು ತೋರಿಸಿದಲ್ಲಿ ಇಳಿಯುತ್ತಿದ್ದರು. ನಾನು ಮತ್ತೆ ನೀರಿಗಿಳಿಯಲಿಲ್ಲ. ಶೀತ ಎನ್ನುತ್ತಿದ್ದೆ. ಅವರ ಪಕ್ಕದಲ್ಲಿ ನಿಂತು ಅವರು ನೋಡಿದ್ದನ್ನು ನೋಡುತ್ತಿದ್ದೆ: ನೊರೆ ಎಲ್ಲಿ ಹೊರಮುಖವಾಗಿ ತೇಲುತ್ತಿದೆ, ನೀರು ಎಲ್ಲಿ ಮರಳು ಕಲಸಿ ಕಂದು ಬಣ್ಣವಾಗಿದೆ, ಅಲೆಗಳ ಸಾಲು ಎಲ್ಲಿ ಹರಿದಿದೆ. ಒಂದು ಸಲವೂ ಅವರು ಆ ದಿನದ ಮಾತೆತ್ತಲಿಲ್ಲ. ಎತ್ತಲಿ ಎಂದು ಕಾದೆ. ಅವರು ಎತ್ತಿದರೆ ನಾನು ಒಪ್ಪಿಕೊಳ್ಳಬಹುದಿತ್ತು ಎಂದು ಈಗ ಹೇಳುವುದು ಸುಲಭ.

ಸುಮಾರು ಹತ್ತು ವರ್ಷ ಹೀಗೇ ಹೋಯಿತು. ಅವರು ಕೆಲಸ ಬಿಟ್ಟು ಮೂಡಿಗೆರೆಗೆ ಮಗಳ ಮನೆಗೆ ಹೋದರು. ಕ್ಯಾನುಗಳು ಪಲ್ಪರ್ ಮನೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ಅವರಿಲ್ಲದ ಮೊದಲ ಪ್ರವಾಸಕ್ಕೆ ನಾನು ಅವನ್ನು ಇಳಿಸಿಕೊಂಡು ಹೋದೆ. ಏಕೆ ಎಂದು ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಸುರೇಶ ಆಗ ಸ್ವಂತ ಜೀಪು ಓಡಿಸುತ್ತಿದ್ದ. ಅವನ ಹೆಂಡತಿಯ ತಮ್ಮ ನವೀನ ಜೊತೆಗೆ ಬಂದಿದ್ದ. ಬಾಳೆಹೊನ್ನೂರಿನ ಹುಡುಗ, ಅವನೂ ಭದ್ರಾ ಹೊಳೆಯವನೇ. ನಾನು ಇನ್ನೂ ನಿಂತು ನೋಡುತ್ತಿದ್ದಂತೆ ಅವನು ಅಂಗಿ ಬಿಚ್ಚಿ, ಎಷ್ಟೋ ವರ್ಷದ ಹಿಂದೆ ನಾನು ಆರಿಸಿದಂಥದೇ ಕಪ್ಪು ಓಣಿ ಆರಿಸಿಕೊಂಡು ಇಳಿದುಬಿಟ್ಟ. ಕೂಗಿದೆ. ಅವನು ತಿರುಗಿ ನೋಡುವಷ್ಟರಲ್ಲಿ ಅವನ ತಲೆ ದೂರದಲ್ಲಿ ಒಂದು ಕಾಫಿಹಣ್ಣಿನಷ್ಟಾಗಿತ್ತು.

ಸುರೇಶ ಓಡಿದ. ನಾನು ಅವನ ಸೊಂಟ ಹಿಡಿದೆ.

"ಬಿಡಣ್ಣ! ಎಂತಕ್ಕೆ ಹಿಡ್ಕಂಡಿದ್ದೀಯ? ನೀನು ಅವತ್ತು ನನ್ನ ಜುಟ್ಟು ಹಿಡಿದು ಎಳ್ಕಂಡು ಬರ್ಲಿಲ್ವಾ? ನಾನೂ ತರ್ತೀನಿ, ಬಿಡು!"

ನನ್ನ ಸುಳ್ಳು ಹತ್ತು ವರ್ಷ ಬೆಳೆದು, ಅವನ ಎದೆಯಷ್ಟು ಅಗಲವಾಗಿ, ಸಮುದ್ರಕ್ಕೆ ಹಾರಲು ಎಳೆಯುತ್ತಿತ್ತು.

"ನಾನು ತರ್ಲಿಲ್ಲ!" ಎಂದು ಅವನ ಕಿವಿಯಲ್ಲಿ ಕಿರುಚಿದೆ. "ಸುಳ್ಳು ಹೇಳಿದ್ದು ನಾನು. ನಿನ್ನ ಕೈ ಬಿಡಿಸ್ಕಂಡಿದ್ದೆ ಕಣೋ. ನಿನ್ನನ್ನ ಉಳಿಸಿದ್ದು ಈ ಕ್ಯಾನು. ಮೇಸ್ತ್ರಿ ಬಿಟ್ಟ ಕ್ಯಾನು. ನೀನು ಹಾರಿದ್ರೆ ಇಬ್ಬರೂ ಹೋಗ್ತೀರಿ."

ಅವನ ಮೈ ಸಡಿಲಾಯಿತು. ನನ್ನ ಮಾತು ನಂಬಿದನೋ, ನನ್ನ ಮುಖ ನೋಡಿ ಬೆಚ್ಚಿದನೋ ತಿಳಿಯದು. ಕ್ಯಾನುಗಳನ್ನು ಓಣಿಯ ಬಾಯಿಗೆ ನೂಕಿದೆ. ಅವು ಆತುರವಿಲ್ಲದೆ ಹೊರಟವು. ತೋಳು ಚಾಚಿ ಅಡ್ಡ ನಡೆದೆ. ಓಡಬೇಕು, ಹಾರಬೇಕು ಎಂದು ಇಡೀ ಮೈ ಕೂಗುತ್ತಿರುವಾಗ ಹಾಗೆ ನಡೆಯುವುದು ಎಷ್ಟು ಕಷ್ಟ! ನಿಧಾನಕ್ಕೆ, ಕಾಣುವ ಹಾಗೆ, ಬಸ್‌ಸ್ಟ್ಯಾಂಡ್ ತೋರಿಸುವವರ ಹಾಗೆ. ನನ್ನ ಹಿಂದೆ ಸುರೇಶನೂ ತೋಳು ಚಾಚಿ ನಡೆದ. ಅವನ ಹಿಂದೆ ಗಿರಿಜಕ್ಕ. ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು, ಲೈನ್ ಮನೆಯ ಮಕ್ಕಳ ಆಟದ ಹಾಗೆ.

ಮೂರನೆಯದೋ ನಾಲ್ಕನೆಯದೋ ಅಲೆ ನವೀನನನ್ನು ತಂದು ಹಾಕಿತು. ಅವನು ಕೆಮ್ಮಿ, ವಾಂತಿ ಮಾಡಿಕೊಂಡು, ತಲೆಯೆತ್ತಿ ಮೊದಲು ಕೇಳಿದ್ದು ಸುರೇಶನನ್ನು. "ಭಾವ, ನೀವ್ಯಾಕೆ ಬರ್ಲಿಲ್ಲ?"

ಸುರೇಶ ನನ್ನ ಕಡೆ ನೋಡಿದ. ಅಂದಿನಿಂದ ಅವನು ನನ್ನನ್ನು ಅಣ್ಣ ಎಂದು ಕರೆದಿಲ್ಲ.

ನವೀನ ಬದುಕಿ ಬಂದ ಮರುದಿನ ಬೆಳಿಗ್ಗೆ ಸುರೇಶ ಜೀಪು ತಂದು, "ಹತ್ತಿ ರೈಟ್ರೇ, ಮೂಡಿಗೆರೆಗೆ" ಎಂದ. ಮೇಸ್ತ್ರಿ ಮಗಳ ಮನೆಯ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಸುರೇಶ ಅವರ ಕಾಲು ಹಿಡಿದ. ಅವರಿಗೆ ಗಾಬರಿಯಾಗಿ ಕಾಲು ಎಳೆದುಕೊಂಡರು. ನಡೆದದ್ದನ್ನೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು, "ಹುಡುಗ ಅಡ್ಡ ಬಂದ್ನಾ?"

"ಬಂದ."

"ಆಯ್ತಲ್ಲ ಮತ್ತೆ."

ಮಗಳು ಸುರೇಶನನ್ನು ತಿಂಡಿಗೆ ಒಳಗೆ ಕರೆದಳು. ನಾವಿಬ್ಬರೇ ಉಳಿದೆವು. ತಪ್ಪಾಯ್ತು ಮೇಸ್ತ್ರಿ ಎಂದೆ. ನಿಮ್ಮ ಧೈರ್ಯ ನಮಗೆ ಗೊತ್ತಾಗಲಿಲ್ಲ, ನಿಂತು ದಿಕ್ಕು ತೋರಿಸಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ನಿನ್ನೆ ತಿಳಿಯಿತು ಎಂದೆ. ರಾತ್ರಿಯೆಲ್ಲ ಜೋಡಿಸಿಟ್ಟ ಮಾತು ಅದು. ಅವರು ಕೈ ಅಡ್ಡ ಆಡಿಸಿದರು.

"ಎಂತ ಧೈರ್ಯ ಮಾರಾಯ್ರೆ. ನಂಗೆ ಹೆದರಿಕೆ ಆಗಿತ್ತು. ನೀರಿಗಿಳಿಯೋಣ ಅಂತಲೇ ಹೊರಟಿದ್ದೆ, ಕಾಲು ಏಳ್ಲಿಲ್ಲ. ಇಳೀಬಾರ್ದು ಅಂತ ಗೊತ್ತಿತ್ತು, ಅದು ಬೇರೆ. ಗೊತ್ತಿಲ್ಲದಿದ್ರೂ ಇಳೀತಿರ್ಲಿಲ್ಲ. ಅಡ್ಡ ನಡೆಯೋದಕ್ಕೆ ಮಾತ್ರ ಬಂತು, ನಡೆದೆ." ಬೆನ್ನನ್ನು ಬಿಸಿಲಿನ ಕಡೆಗೆ ಸರಿಸಿಕೊಂಡು, "ನೀವಿಟ್ಟ ಹೆಸರು ತಪ್ಪೇನಲ್ಲ" ಎಂದರು.

ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಸುರೇಶ ಎಸ್ಟೇಟಿನ ಮನೆಮನೆಗೂ ಹೋಗಿ ಹಳೆಯ ಕಥೆಯನ್ನು ಅಳಿಸಿ ಹೊಸದನ್ನು ಹೇಳಿದ್ದ. ದಡದ ಮೇಸ್ತ್ರಿ ಎಂಬುದು ಬಿರುದಾಯಿತು.

ಇವತ್ತು ಮೂಡಿಗೆರೆಯಲ್ಲಿ ಚಿತೆ ಉರಿಯುತ್ತಿರುವಾಗ ಮಗಳು, ಅವರು ಘಟ್ಟ ಹತ್ತಿ ಬಂದದ್ದು ಏಕೆ ಎಂಬುದಕ್ಕೆ ನಾಲ್ಕನೆಯ ಉತ್ತರ ಕೊಟ್ಟಳು. ಅಪ್ಪನಿಗೆ ಒಬ್ಬ ಅಣ್ಣ ಇದ್ದನಂತೆ. ಯಾರನ್ನೋ ಉಳಿಸಲು ಸಮುದ್ರಕ್ಕೆ ಹಾರಿದನಂತೆ, ಇಬ್ಬರೂ ಬರಲಿಲ್ಲವಂತೆ, ಅಪ್ಪ ದಡದಲ್ಲಿದ್ದನಂತೆ. ಈ ಉತ್ತರ ಎಲ್ಲದಕ್ಕೂ ತೀರಾ ಸರಿಯಾಗಿ ಹೊಂದುತ್ತದೆ. ಅದಕ್ಕೇ ನಾನು ಅದನ್ನೂ ಉಳಿದ ಮೂರರ ಪಕ್ಕದಲ್ಲೇ ಇಟ್ಟಿದ್ದೇನೆ.

ಸುರೇಶ ಕಣ್ಣೊರೆಸಿಕೊಂಡು, "ಅದಕ್ಕೇ ಅಷ್ಟು ಧೈರ್ಯ ಇತ್ತು ಅವರಿಗೆ" ಎಂದ.

ಸುಮ್ಮನಿರಬಹುದಿತ್ತು. ಒಮ್ಮೆ ಆ ಮನುಷ್ಯನನ್ನು ನನಗೆ ಬೇಕಾದ ಹಾಗೆ ಮಾಡಿ ಹೇಳಿದ್ದೆ. ಇನ್ನೊಮ್ಮೆ, ಒಳ್ಳೆಯದಕ್ಕೇ ಆದರೂ, ಹಾಗೆ ಮಾಡಲು ಮನಸ್ಸು ಬರಲಿಲ್ಲ. ಜಗಲಿಯಲ್ಲಿ ಅವರು ಹೇಳಿದ್ದನ್ನು ಇದ್ದಂತೆ ಹೇಳಿದೆ. ಹೆದರಿಕೆ. ಏಳದ ಕಾಲು. ನಡುಗುತ್ತಿದ್ದ ಕೈ, ಕೂರದ ಗಂಟು.

ಸುರೇಶ ಬೆಂಕಿಯಿಂದ ಕಣ್ಣು ತೆಗೆಯದೆ, ನನ್ನ ಕಡೆ ತಿರುಗದೆ ಕೇಳಿದ:

"ಅಷ್ಟು ಹೆದರ್ಕಂಡು, ಅಷ್ಟು ದೂರ ನಡೆದ್ರಾ?"